ಆಟದ ಅಭಿಮಾನಿ ಎನಿಸಿಕೊಳ್ಳಲು ಯಾರ ಅಪ್ಪಣೆ?

ಬೈಂದೂರು ತಾಲ್ಲೂಕಿನ ಶಿರೂರು ದಾಟಿದರೆ ಭಟ್ಕಳ. ಅಲ್ಲಿ ಜಿಲ್ಲೆ ಬದಲಾಗುತ್ತದೆ, ಯಕ್ಷಗಾನದ ರುಚಿಯೂ ಬದಲಾಗತೊಡಗುತ್ತದೆ. ತೆಂಕಣಕ್ಕೆ ಹಾರಾಡಿ, ಮಟಪಾಡಿ ಶೈಲಿಗಳನ್ನು ಬೆಳೆಸಿದ ಕುಂದಾಪುರ ಸೀಮೆಯ ಬಡಗುತಿಟ್ಟು. ಬಡಗಣಕ್ಕೆ ಕೆರೆಮನೆ, ಚಿಟ್ಟಾಣಿಯವರ ಉತ್ತರ ಕನ್ನಡದ ಕ್ರಮ. ಗಡಿಯ ಪ್ರೇಕ್ಷಕರು ಎರಡನ್ನೂ ಸವಿಯುತ್ತಾರೆ. ಯಕ್ಷಗಾನ ಅಭಿಮಾನಿಗಳ ವಾಟ್ಸ್‌ಆಪ್, ಫೇಸ್‌ಬುಕ್ ಗುಂಪುಗಳಲ್ಲಿ ಮಾತ್ರ ಹಾಗೆ ಎರಡು ದೋಣಿಯಲ್ಲಿ ಕಾಲಿಡುವುದು ಕಷ್ಟ.

ಆ ಗುಂಪುಗಳಿಗೆ ಎಲ್ಲೂ ಬರೆದಿಡದ ಕಟ್ಟಳೆಗಳಿವೆ. ಪದ್ಯದ ತುಣುಕು ಹಾಕಿದರೆ ಪ್ರಸಂಗ, ಭಾಗವತರು, ಮದ್ದಳೆ, ಚಂಡೆ, ವೇಷಧಾರಿ ಯಾರೆಂದು ತಿಳಿಸಬೇಕು. ಇದು ಒಳ್ಳೆಯ ಪದ್ಧತಿಯೇ. ಹಿಮ್ಮೇಳದವರ ಹೆಸರು ಕರಪತ್ರದಲ್ಲೂ ಎಷ್ಟೋ ಸಲ ಸಣ್ಣಕ್ಷರದಲ್ಲಿರುತ್ತದೆ. ಆದರೆ ಹೊಸಬ ಕುಣಿತವನ್ನಷ್ಟೇ ಮೆಚ್ಚಿದರೆ ಸವಾಲು ಬರುತ್ತದೆ: ‘ಬೆಳಗಿನವರೆಗೆ ಕೂತು ಆಟ ಕಂಡಿದ್ಯಾ ಮಾರಾಯ?’ ಡೇರೆ ಮೇಳಗಳ ಹೊಸ ಪ್ರಸಂಗ ಇಷ್ಟಪಟ್ಟವರಿಗೆ ಮಂದಾರ್ತಿ, ಮಾರಣಕಟ್ಟೆಯ ಹರಕೆ ಆಟಗಳನ್ನು ತೋರಿಸಿ, ಪುರಾಣ ಪ್ರಸಂಗವೇ ನಿಜವಾದ ಆಟ ಎನ್ನುವವರೂ ಇದ್ದಾರೆ.

ಜಪಾನಿನ ಅನಿಮೆ ಸರಣಿಗಳ ಅಭಿಮಾನಿಗಳಲ್ಲೂ ಇಂಥದೇ ಜಗಳ ಹಳೆಯದು. ಜಪಾನಿ ದನಿ ಕೇಳುತ್ತ, ಅಡಿಬರಹ ಓದುತ್ತ ನೋಡಿದವರು ಡಬ್ಬಿಂಗ್ ನೋಡಿದವರನ್ನು ಎರಡನೇ ದರ್ಜೆಯವರಂತೆ ಕಾಣುತ್ತಾರೆ. ವಿಚಿತ್ರವೆಂದರೆ, ‘ಡ್ರ್ಯಾಗನ್ ಬಾಲ್ ಝಡ್’ ಅನ್ನು ಡಬ್ ಆಗಿಯೇ ಟಿವಿಯಲ್ಲಿ ನೋಡಿ ಈ ಲೋಕಕ್ಕೆ ಬಂದವರು ಲೆಕ್ಕವಿಲ್ಲದಷ್ಟು.

ಯಕ್ಷಗಾನದ ಅಳತೆಗೋಲಂತೂ ಕಾಲಕಾಲಕ್ಕೆ ಜಾರಿದೆ. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೋಟದ ಶಿವರಾಮ ಕಾರಂತರು ಸಂಪ್ರದಾಯವನ್ನು ಆಳವಾಗಿ ಬಲ್ಲವರು. ಅವರೇ ಮಾತು ಕಡಿಮೆ ಮಾಡಿ, ವಯಲಿನ್, ಸ್ಯಾಕ್ಸೋಫೋನ್ ತಂದಾಗ, ಇದು ಯಕ್ಷಗಾನವೇ ಎಂಬ ಆಕ್ಷೇಪ ಎದ್ದಿತು. ಭಾಗವತ ಗುಂಡ್ಮಿ ಕಾಳಿಂಗ ನಾವಡರದು ಇನ್ನೂ ಸ್ವಾರಸ್ಯದ ಕಥೆ. ಸಾಲಿಗ್ರಾಮ ಮೇಳದಲ್ಲಿ ಹೊಸ ರಾಗ, ಹೊಸ ಧಾಟಿಗಳಿಂದ ಜನರನ್ನು ಹುಚ್ಚೆಬ್ಬಿಸಿದ ಅವರ ‘ನಾಗಶ್ರೀ’ ಪ್ರಸಂಗ ಗೆದ್ದಿತು. ಹಳಬರು ಮಾತ್ರ ಹುಬ್ಬು ಗಂಟಿಕ್ಕಿದರು. 1990ರಲ್ಲಿ ರಸ್ತೆ ಅಪಘಾತ ಅವರನ್ನು ಒಯ್ದಾಗ ವಯಸ್ಸು ಇನ್ನೂ ಮೂವತ್ತರ ಆಸುಪಾಸು. ಈಗ ಯುವ ಭಾಗವತರೊಬ್ಬರು ಹೊಸತೇನಾದರೂ ಹಾಡಿದರೆ, ಅವರನ್ನು ಬೈಯಲು ಹೊರಬರುವುದು ನಾವಡರ ಹಳೆಯ ಕ್ಯಾಸೆಟ್ಟೇ! ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತವನ್ನು ಅತಿಯೆಂದು ಗೊಣಗಿದವರಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹೊಸ್ತಿಲು ಕಾಯುವವರನ್ನೆಲ್ಲ ಹಳಿಯಬೇಕಿಲ್ಲ. ತಾಳ ತಪ್ಪಿದರೆ ಗುರುತಿಸುವ ಕಿವಿ, ಅರ್ಥದಲ್ಲಿ ಪಾತ್ರ ಜಾರಿದರೆ ತಡೆಯುವ ಅರಿವು ಆ ಹಟಮಾರಿ ರಸಿಕರಲ್ಲೇ ಹೆಚ್ಚು. ತೊಡಕಿರುವುದು, ಅರಿವಿಗೆ ಸಂಬಂಧವಿಲ್ಲದ ಬೇಲಿಗಳಲ್ಲಿ. ತರಬೇತಿ ಕೇಂದ್ರಗಳಲ್ಲಿ ಹುಡುಗಿಯರು ಹೆಜ್ಜೆ ಕಲಿಯುತ್ತಿದ್ದಾರೆ, ಹವ್ಯಾಸಿ ತಂಡಗಳಲ್ಲಿ ಕೆಂಪು ಮುಂಡಾಸು ಕಟ್ಟಿ ರಂಗಕ್ಕೆ ಬರುತ್ತಿದ್ದಾರೆ. ವೃತ್ತಿಮೇಳಗಳ ಚೌಕಿಯಲ್ಲಿ ಮಾತ್ರ ದ್ರೌಪದಿಯ ಸೀರೆಯನ್ನೂ ಇವತ್ತಿಗೂ ಹೆಚ್ಚಾಗಿ ಗಂಡಸರೇ ಉಡುತ್ತಾರೆ.