ಬೇಸಿಗೆ ರಜೆಗೆ ಬ್ಯಾಟರಿ ಗಾಡಿ ನಿಲ್ಲಿಸುವ ಮುನ್ನ

ದಿನವೂ ಓಡುವ ಬ್ಯಾಟರಿ ಗಾಡಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಎರಡು ತಿಂಗಳು ಸುಮ್ಮನೆ ನಿಂತರೆ ಕೆಡುತ್ತದೆ. ಗಾಲ್ಫ್ ಕಾರ್ಟ್, ಬಗ್ಗಿ ಎಂದೆಲ್ಲ ಕರೆಸಿಕೊಳ್ಳುವ ಈ ವಾಹನ ಈಗ ಗಾಲ್ಫ್ ಮೈದಾನದ ಸೊತ್ತಾಗಿ ಉಳಿದಿಲ್ಲ. ಮೈಸೂರು ಮೃಗಾಲಯದಲ್ಲಿ ನಡೆಯಲಾರದವರನ್ನು ಸುತ್ತಿಸುವುದು ಇದೇ ಬಗೆಯ ಗಾಡಿ. ದೊಡ್ಡ ಕ್ಯಾಂಪಸ್ಸು, ಕಾರ್ಖಾನೆ, ರೆಸಾರ್ಟ್, ತೋಟದ ಮನೆ, ಎಲ್ಲಿ ನಡಿಗೆ ದೂರವಾಗುತ್ತದೋ ಅಲ್ಲೆಲ್ಲ ಇದು ಉಪಯೋಗಕ್ಕೆ ಬರುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಇಂಥ ಗಾಡಿ ಇಟ್ಟುಕೊಂಡವರಿಗೆ, ಕೊಳ್ಳುವ ಯೋಚನೆ ಇರುವವರಿಗೆ ಈ ಬರಹ.

ಗಾಡಿಯ ಜೊತೆ ಬರುವ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಚಳಿಗಾಲದ ಸಂಗ್ರಹ ಎಂಬ ಅಧ್ಯಾಯ ಇರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಗಾಲ್ಫ್ ಮೈದಾನಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಅಲ್ಲಿನ ದೊಡ್ಡ ಭಯ ಬ್ಯಾಟರಿ ಹೆಪ್ಪುಗಟ್ಟಿ ಒಡೆಯುವುದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆ್ಯಸಿಡ್ ಮೈನಸ್ 50 ಡಿಗ್ರಿಯಲ್ಲೂ ಗಟ್ಟಿಯಾಗದು. ಚಾರ್ಜ್ ಇಳಿದುಹೋದದ್ದು ಮೈನಸ್ 8 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟೀತು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ತುಮಕೂರಿಗೆ ಆ ಭಯವಿಲ್ಲ. ಡಿಸೆಂಬರ್ ರಾತ್ರಿಯ ಚಳಿಗೆ ನಾವು ನಡುಗುತ್ತೇವೆ, ಬ್ಯಾಟರಿ ನಡುಗುವುದಿಲ್ಲ.

ನಮ್ಮಲ್ಲಿ ಗಾಡಿ ನಿಲ್ಲುವುದು ಬೇಸಿಗೆಯಲ್ಲಿ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ರಜೆ ಬೀಳುತ್ತದೆ, ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಚಾಲಕರೂ ಊರಿಗೆ ಹೋಗುತ್ತಾರೆ. ಗಾಡಿ ತಗಡಿನ ಶೆಡ್ಡಿನಲ್ಲಿ ಬೇಯುತ್ತಾ ನಿಂತಿರುತ್ತದೆ. ಆದ್ದರಿಂದ ಕೈಪಿಡಿಯ ಚಳಿಗಾಲದ ಅಧ್ಯಾಯವನ್ನು ನಾವು ಓದಬೇಕಾದದ್ದು ಮಾರ್ಚ್ ತಿಂಗಳಲ್ಲಿ, ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು.

ಸೀಟಿನ ಕೆಳಗೆ ಏನಿದೆ

ಸೀಟು ಎತ್ತಿದರೆ ಕಾಣುವುದು ಬ್ಯಾಟರಿಗಳ ಸಾಲು. ಸೀಸ ಮತ್ತು ಆ್ಯಸಿಡ್ಡಿನ ಗಾಡಿಗಳಲ್ಲಿ ಹೆಚ್ಚಿನವು 48 ವೋಲ್ಟಿನವು. ಆರು ವೋಲ್ಟಿನ ಎಂಟು, ಎಂಟು ವೋಲ್ಟಿನ ಆರು ಅಥವಾ ಹನ್ನೆರಡು ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಹೇಗೆ ಜೋಡಿಸಿದರೂ ಒಟ್ಟು ಸೆಲ್ಲುಗಳು 24. ಪೇಟೆಯಲ್ಲಿ ಓಡುವ ಹಳೆಯ ಮಾದರಿಯ ಇ-ರಿಕ್ಷಾಗಳದ್ದೂ ಇದೇ 48 ವೋಲ್ಟಿನ ಲೆಕ್ಕ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ವಿದ್ಯುತ್ ಕಾರಿನಲ್ಲೂ ಆರು ವೋಲ್ಟಿನ ಎಂಟು ಬ್ಯಾಟರಿಗಳಿದ್ದವು. ಹಾಗಾಗಿ ಇದು ನಮ್ಮ ಮೆಕ್ಯಾನಿಕ್ಕುಗಳಿಗೆ ಹೊಸ ವಿದ್ಯೆಯೇನೂ ಅಲ್ಲ.

ಸಾಲಿನಲ್ಲಿ ಜೋಡಿಸಿದ್ದರ ಫಲವನ್ನು ಮಾತ್ರ ಮರೆಯಬಾರದು. 24 ಸೆಲ್ಲುಗಳಲ್ಲಿ ಒಂದು ಸೋತರೂ ಇಡೀ ಗಾಡಿ ಸೋಲುತ್ತದೆ. ಮುಂದೆ ಹೇಳುವ ಆರೈಕೆಯೆಲ್ಲ ಆ ಒಂದು ಸೆಲ್ಲು ಹಿಂದೆ ಬೀಳದಂತೆ ನೋಡಿಕೊಳ್ಳುವುದಕ್ಕೇ.

ನಿಂತಾಗ ಆಗುವುದೇನು

ಬ್ಯಾಟರಿ ಕೆಲಸ ಮಾಡುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಆ್ಯಸಿಡ್ಡಿಗೆ ಮರಳುತ್ತದೆ. ಹಾಗೇ ಬಿಟ್ಟರೆ ದಿನೇದಿನೇ ಹರಳುಗಟ್ಟುತ್ತದೆ. ಗಟ್ಟಿಯಾದ ಹರಳನ್ನು ಯಾವ ಚಾರ್ಜರೂ ಪೂರ್ತಿ ಕರಗಿಸದು. ಅಷ್ಟು ಭಾಗದ ಪ್ಲೇಟು ಬ್ಯಾಟರಿಗೆ ನಷ್ಟವಾದಂತೆಯೇ. ಮೊದಲು ಇಪ್ಪತ್ತು ಕಿಲೋಮೀಟರ್ ಓಡುತ್ತಿದ್ದ ಗಾಡಿ ರಜೆಯ ನಂತರ ಹತ್ತಕ್ಕೇ ನಿಲ್ಲಲು ಮುಖ್ಯ ಕಾರಣ ಇದೇ.

ಯಾರೂ ಮುಟ್ಟದಿದ್ದರೂ ಬ್ಯಾಟರಿ ತಾನಾಗಿ ಸೋರುತ್ತಿರುತ್ತದೆ. ತಿಂಗಳಿಗೆ ನೂರಕ್ಕೆ ಐದರಿಂದ ಹದಿನೈದರಷ್ಟು ಚಾರ್ಜ್ ಹೀಗೆ ಹೋಗುತ್ತದೆ. ಹಳೆಯ ಬ್ಯಾಟರಿಯಲ್ಲಿ ಹೆಚ್ಚು. ಬಿಸಿ ಹತ್ತು ಡಿಗ್ರಿ ಏರಿದರೆ ಸೋರುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಕೀಲಿ ತೆಗೆದರೂ ಕಂಟ್ರೋಲರು, ಮೀಟರು ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. ಏಪ್ರಿಲ್ ಬಿಸಿಲು, ತಗಡಿನ ಸೂರು, ಅರ್ಧ ಚಾರ್ಜಿನಲ್ಲಿ ನಿಂತ ಗಾಡಿ: ಬ್ಯಾಟರಿ ಸಾಯಲು ಈ ಮೂರು ಸೇರಿದರೆ ಸಾಕು.

ನಿಲ್ಲಿಸುವ ವಾರದ ಕೆಲಸ

ಮೊದಲು ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿ. ಎರಡು ಟರ್ಮಿನಲ್ಲುಗಳಿಗೆ ಒಟ್ಟಿಗೆ ಸ್ಪ್ಯಾನರು ತಾಗಿದರೆ ಕಬ್ಬಿಣ ಕರಗುವಷ್ಟು ಕಿಡಿ ಹಾರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವುಸು ಇರಲಿ. ಹತ್ತಿರದಲ್ಲಿ ಒಂದು ಬಕೆಟ್ ಶುದ್ಧ ನೀರು ಇರಲಿ. ಗಾಡಿಯಲ್ಲಿ ರನ್ ಮತ್ತು ಟೋ ಎಂಬ ಸ್ವಿಚ್ಚಿದ್ದರೆ ಟೋ ಕಡೆಗೆ ತಿರುಗಿಸಿ, ಆಮೇಲೆ ಬ್ಯಾಟರಿಗೆ ಕೈ ಹಾಕಿ.

ಟರ್ಮಿನಲ್ಲಿನ ಮೇಲೆ ಹಸಿರು, ಬಿಳಿ ಹುಡಿ ಕಟ್ಟಿದ್ದರೆ ಅದೂ ಕರೆಂಟು ಸೋರುವ ದಾರಿಯೇ. ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಬ್ರಷ್ಷಿನಿಂದ ಉಜ್ಜಿ. ಬುರುಬುರು ನೊರೆ ನಿಂತರೆ ಆ್ಯಸಿಡ್ ಹೋಯಿತೆಂದು ತಿಳಿಯಿರಿ. ಸೆಲ್ಲುಗಳ ಮುಚ್ಚಳ ಬಿಗಿಯಾಗಿರಲಿ. ಸೋಡಾ ನೀರು ಒಳಗಿಳಿದರೆ ಆ ಸೆಲ್ಲು ಹಾಳು. ಆಮೇಲೆ ಒರೆಸಿ, ಒಣಗಿಸಿ, ನಟ್ಟು ಬಿಗಿಮಾಡಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಇನ್ನು ನೀರು. ಬ್ಯಾಟರಿಗೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಒಂದೇ. ಬೋರ್‌ವೆಲ್ ನೀರಿನಲ್ಲಿ ಲವಣಗಳು ಕರಗಿರುತ್ತವೆ, ಅವು ಪ್ಲೇಟಿಗೆ ವಿಷ. ಮನೆಯ ಆರ್‌ಒ ನೀರಲ್ಲೂ ಲವಣದ ಅಂಶ ಉಳಿದಿರುತ್ತದೆ, ಏಸಿಯಿಂದ ತೊಟ್ಟಿಕ್ಕುವ ನೀರಲ್ಲಿ ಧೂಳು, ಲೋಹದ ಅಂಶ ಸೇರಿರುತ್ತದೆ. ಬೇಡ. ಆ್ಯಸಿಡ್ಡನ್ನಂತೂ ಎಂದೂ ಸುರಿಯಬಾರದು, ಏಕೆಂದರೆ ಆವಿಯಾಗಿ ಹೋಗಿರುವುದು ನೀರು ಮಾತ್ರ.

ನೀರು ಹಾಕುವ ಹೊತ್ತೂ ಮುಖ್ಯ. ಚಾರ್ಜ್ ಮಾಡುವಾಗ ಒಳಗಿನ ದ್ರವ ಉಬ್ಬುತ್ತದೆ. ಮೊದಲೇ ತುಂಬಿಸಿದರೆ ಆ್ಯಸಿಡ್ ಉಕ್ಕಿ ಹೊರಬಂದು ಬ್ಯಾಟರಿ ಕೂರಿಸಿದ ತಟ್ಟೆಯನ್ನೂ ಚಾಸಿಯನ್ನೂ ತಿನ್ನುತ್ತದೆ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಮುಚ್ಚಳದ ಕೆಳಗಿನ ಕೊಳವೆಯ ತುದಿಗಿಂತ ಅರ್ಧ ಸೆಂಟಿಮೀಟರ್ ಕೆಳಗಿನವರೆಗೆ ತುಂಬಿಸಿ.

ಹೈಡ್ರೋಮೀಟರ್ ಹೇಳುವ ಸತ್ಯ

ಚಾರ್ಜರಿನ ಹಸಿರು ದೀಪ ಎಲ್ಲವನ್ನೂ ಹೇಳುವುದಿಲ್ಲ. ಗಾಜಿನ ಕೊಳವೆಯ ಒಂದು ಹೈಡ್ರೋಮೀಟರ್ ಕೊಂಡಿಟ್ಟುಕೊಳ್ಳಿ; ಬ್ಯಾಟರಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ರಬ್ಬರ್ ಗುಂಡು ಒತ್ತಿ ಬಿಟ್ಟರೆ ದ್ರವ ಮೇಲೇರಿ ಒಳಗಿನ ತೇಲು ನಿಲ್ಲುತ್ತದೆ. ದ್ರವದ ಮಟ್ಟಕ್ಕೆ ತೇಲಿನ ಮೇಲೆ ಕಾಣುವ ಗೆರೆಯನ್ನು ಕಣ್ಣಿನ ಮಟ್ಟದಲ್ಲಿ ಓದಿ, ದ್ರವವನ್ನು ಅದೇ ಸೆಲ್ಲಿಗೆ ವಾಪಸು ಬಿಡಿ. ಗಾಲ್ಫ್ ಕಾರ್ಟ್ ಬ್ಯಾಟರಿಗಳಲ್ಲಿ ಪೂರ್ತಿ ಚಾರ್ಜಿಗೆ ಸುಮಾರು 1.270 ಬರುತ್ತದೆ. ನಮ್ಮಲ್ಲಿ ಸಿಗುವ ಎಷ್ಟೋ ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ 1.240 ಎಂದರೇ ಪೂರ್ತಿ. ಆದ್ದರಿಂದ ತಯಾರಕರು ಕೊಟ್ಟ ಅಂಕಿಯನ್ನೇ ಅಳತೆಗೋಲು ಮಾಡಿಕೊಳ್ಳಿ.

24 ಸೆಲ್ಲುಗಳ ಅಂಕಿಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಲ್ಲ ಸೆಲ್ಲೂ 1.265ರ ಸುತ್ತ ಇದ್ದು ಒಂದು ಮಾತ್ರ 1.220 ತೋರಿಸಿದರೆ ಕಾಯಿಲೆ ಎಲ್ಲಿದೆ ಎಂದು ಗೊತ್ತಾಯಿತು. 0.030ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಲ್ಲ ಸೆಲ್ಲುಗಳನ್ನೂ ಸಮಕ್ಕೆ ತರುವ ಈಕ್ವಲೈಸ್ ಚಾರ್ಜ್ ಬೇಕಾಗುತ್ತದೆ. ತಿಳಿದವರ ಕೈಯಲ್ಲಿ ಮಾಡಿಸಿ. ಮುಚ್ಚಳ ತೆರೆಯಲಾಗದ ಸೀಲ್ಡ್ ಬ್ಯಾಟರಿಗೆ ಹೈಡ್ರೋಮೀಟರೂ ಇಲ್ಲ, ಈಕ್ವಲೈಸೂ ಇಲ್ಲ, ಮಲ್ಟಿಮೀಟರ್ ಹಿಡಿಯಿರಿ. ಸಾಮಾನ್ಯ ನೀರಿನ ಬ್ಯಾಟರಿಗಳ 48 ವೋಲ್ಟಿನ ಸಾಲು ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿ ಪಡೆದ ಮೇಲೆ 50.9 ವೋಲ್ಟಿನ ಹತ್ತಿರ ತೋರಿಸಬೇಕು. 48.4 ಬಂದರೆ ಅರ್ಧ ಖಾಲಿಯಾಗಿದೆ ಎಂದರ್ಥ. 48 ವೋಲ್ಟಿನ ಗಾಡಿ 48 ತೋರಿಸುತ್ತಿದೆ, ಸರಿಯಾಗಿದೆ ಎಂದುಕೊಂಡು ಮೋಸಹೋಗುವವರು ಬಹಳ.

ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಅದು ಸಿಡಿಯಬಲ್ಲದು. ಸೀಟು ಎತ್ತಿಡಿ, ಶೆಡ್ಡಿನ ಕಿಟಕಿ ತೆರೆದಿಡಿ, ಬೀಡಿ ಸಿಗರೇಟು ದೂರವಿರಲಿ. ಆಯುಧಪೂಜೆಯ ದಿನ ಇದನ್ನು ಇನ್ನಷ್ಟು ಮನಸ್ಸಿಟ್ಟು ಪಾಲಿಸಿ. ಚಾರ್ಜರ್ ತೆಗೆದು, ಗಾಳಿ ಆಡಲು ಬಿಟ್ಟು, ಗಾಡಿಯನ್ನು ಬಯಲಿಗೆ ತಂದ ಮೇಲೆ ಕರ್ಪೂರ ಹಚ್ಚಿ. ತೊಳೆಯುವಾಗಲೂ ಪೈಪಿನ ನೀರನ್ನು ಸೀಟಿನ ಕೆಳಗೆ ರಭಸವಾಗಿ ಹಾಯಿಸಬೇಡಿ. ಕಂಟ್ರೋಲರಿಗೆ ನೀರು ನುಗ್ಗಿದರೆ ದುಬಾರಿ ರಿಪೇರಿ ಕಾದಿರುತ್ತದೆ.

ಎಲ್ಲಿ ನಿಲ್ಲಿಸಬೇಕು

ತುಮಕೂರು ನಗರದಲ್ಲಿ ಕಾಡುವುದು ಬಿಸಿ ಮತ್ತು ಧೂಳು. ತಗಡಿನ ಶೆಡ್ಡಿಗಿಂತ ದಿನವಿಡೀ ನೆರಳಿರುವ ಜಾಗ, ಆರ್‌ಸಿಸಿ ಸೂರಿನ ಪಾರ್ಕಿಂಗ್ ಮೇಲು. ಗುಬ್ಬಿ ಕಡೆಯ ತೋಟದ ಮನೆಗಳಲ್ಲಿ ಗಾಡಿಯನ್ನು ಕೊಬ್ಬರಿ, ಅಡಿಕೆ ಇಡುವ ಕೊಟ್ಟಿಗೆಗೆ ತಳ್ಳುವುದು ಸುಲಭವೆನಿಸುತ್ತದೆ. ಆದರೆ ಕೊಬ್ಬರಿ ಇದ್ದಲ್ಲಿ ಇಲಿ, ಅಳಿಲು ಬಂದೇ ಬರುತ್ತವೆ, ಬಂದರೆ ವೈರು ಕಡಿಯುತ್ತವೆ. ಒಣ ಸಿಪ್ಪೆಯ ರಾಶಿಯ ಪಕ್ಕ ಚಾರ್ಜರ್ ಇಡುವುದು ಬೆಂಕಿಗೆ ಆಹ್ವಾನ. ಬೇರೆ ಜಾಗ ನೋಡಿ. ಸೀಟಿನ ಸಂದಿಯಲ್ಲಿ ತಿಂಡಿಯ ಚೂರು ಉಳಿಯದಂತೆ ಗುಡಿಸಿ, ವೈರು ಹೋಗುವ ತೂತುಗಳಿಗೆ ಜಾಲರಿ ಕಟ್ಟಿ.

ಕುಣಿಗಲ್ ದೊಡ್ಡಕೆರೆಯ ಕೆಳಗಿನ ಅಚ್ಚುಕಟ್ಟಿನಂಥ ತೇವದ ಜಾಗದಲ್ಲಿ ಕನೆಕ್ಷನ್ನುಗಳು ಬೇಗ ತುಕ್ಕು ಹಿಡಿಯುತ್ತವೆ. ಅಲ್ಲಿ ಮಣ್ಣಿನ ನೆಲ ಬಿಟ್ಟು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಎಲ್ಲಿಯೇ ಆಗಲಿ ಪ್ಲಾಸ್ಟಿಕ್ ಟಾರ್ಪಾಲಿನಿಂದ ಬಿಗಿಯಾಗಿ ಸುತ್ತಬೇಡಿ. ಒಳಗೆ ಬೆವರು ಕಟ್ಟುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಸಾಕು.

ಟಯರಿಗೆ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿಸಿ. ನೆಲ ಸಮವಾಗಿದ್ದರೆ ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಎರಡೂ ಕಡೆ ಮರದ ದಿಂಡು ಕೊಡಿ. ತಿಂಗಳುಗಟ್ಟಲೆ ಬ್ರೇಕ್ ಹಿಡಿದೇ ಇದ್ದರೆ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ.

ರಜೆಯ ನಡುವೆ

ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಮೀಟರ್ ಇದ್ದವರು 49.5 ವೋಲ್ಟಿಗೆ ಇಳಿಯುವ ಮೊದಲೇ ಚಾರ್ಜಿಗೆ ಹಾಕಲಿ. ಗಾಡಿಯನ್ನು ನಾಲ್ಕಡಿ ಮುಂದೆ ಹಿಂದೆ ತಳ್ಳಿ ಟಯರಿನ ಜಾಗ ಬದಲಿಸಿ. ಏಪ್ರಿಲ್ ಮೇ ತಿಂಗಳೆಂದರೆ ಗುಡುಗು ಸಿಡಿಲಿನ ಕಾಲ. ಚಾರ್ಜ್ ಮುಗಿದ ತಕ್ಷಣ ಗೋಡೆಯ ಪ್ಲಗ್ ಕಿತ್ತಿಡಿ. ಸಾಕೆಟ್ಟಿಗೆ ಸರಿಯಾದ ಅರ್ಥಿಂಗ್ ಇರಲೇಬೇಕು. ತಾನಾಗಿ ನಿಲ್ಲದ ಹಳೆಯ ಚಾರ್ಜರನ್ನು ರಾತ್ರಿಯಿಡೀ ಬಿಟ್ಟರೆ ನೀರು ಕುದಿದು ಪ್ಲೇಟು ಒಣಗುತ್ತದೆ.

ಲಿಥಿಯಂ ಬ್ಯಾಟರಿಯ ಗಾಡಿಗೆ ನಿಯಮ ಬೇರೆ. ನೀರು, ಸೋಡಾ, ಈಕ್ವಲೈಸ್ ಯಾವುದೂ ಇಲ್ಲ. ಪೂರ್ತಿ ತುಂಬಿಸಿ ಬಿಸಿಯಲ್ಲಿಡುವುದು ಅದಕ್ಕೆ ಒಳ್ಳೆಯದಲ್ಲ. ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚು ಚಾರ್ಜಿನಲ್ಲಿ, ಮೇನ್ ಸ್ವಿಚ್ ಆರಿಸಿ, ತಂಪಾದ ಕಡೆ ಇಡಲು ಹೇಳುತ್ತಾರೆ. ಕೈಪಿಡಿ ಕೊಟ್ಟ ಅಂಕಿಯನ್ನೇ ಪಾಲಿಸಿ.

ಮತ್ತೆ ಹೊರತೆಗೆಯುವಾಗ

ಕೀಲಿ ತಿರುಗಿಸುವ ಮೊದಲು ವೈರುಗಳ ಮೇಲೆ ಕಣ್ಣಾಡಿಸಿ, ನೀರಿನ ಮಟ್ಟ ನೋಡಿ, ಪೂರ್ತಿ ಚಾರ್ಜ್ ಮಾಡಿ, ಅಂಕಿಗಳನ್ನು ಮಾರ್ಚ್ ತಿಂಗಳ ಪುಟದ ಪಕ್ಕದಲ್ಲಿ ಬರೆಯಿರಿ. ಖಾಲಿ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬ್ರೇಕು, ಸ್ಟೀರಿಂಗು, ಹಿಂದಕ್ಕೆ ಹೋಗುವಾಗಿನ ಸದ್ದು ಪರೀಕ್ಷಿಸಿ. ಚಾರ್ಜರ್ ಆನ್ ಆಗುತ್ತಲೇ ಇಲ್ಲವೆಂದರೆ ಅದು ಕೆಟ್ಟಿದೆ ಎಂದು ಆತುರಪಡಬೇಡಿ. ವೋಲ್ಟ್ ತೀರಾ ಇಳಿದ ಬ್ಯಾಟರಿಯನ್ನು ಆಟೊಮ್ಯಾಟಿಕ್ ಚಾರ್ಜರುಗಳು ಗುರುತಿಸುವುದೇ ಇಲ್ಲ. ಒಂದೊಂದೇ ಬ್ಯಾಟರಿಯನ್ನು ಬಿಡಿಯಾಗಿ ಸ್ವಲ್ಪ ಚಾರ್ಜ್ ಮಾಡಿಕೊಟ್ಟರೆ ಚಾರ್ಜರ್ ಮತ್ತೆ ಹಿಡಿಯುವುದುಂಟು.

ಸತ್ತ ಬ್ಯಾಟರಿಯನ್ನು ಗುಜರಿಗೆ ಒಡೆಯಲು ಕೊಡಬೇಡಿ, ಆ್ಯಸಿಡ್ಡನ್ನು ಮೋರಿಗೆ ಚೆಲ್ಲಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸದನ್ನು ಕೊಳ್ಳುವಾಗ ಅಂಗಡಿಗೇ ಒಪ್ಪಿಸಿ, ಬೆಲೆಯಲ್ಲಿ ಕಡಿತ ಕೇಳಿ. ಮೋರಿ ಕೊನೆಗೆ ಸೇರುವುದು ನಮ್ಮ ಅಮಾನಿಕೆರೆಗೋ ಗುಬ್ಬಿ ಕೆರೆಗೋ.

ಇಷ್ಟೆಲ್ಲದರಲ್ಲಿ ಕಷ್ಟದ ಕೆಲಸ ಯಾವುದೂ ಇಲ್ಲ. ಎಡವುವುದು ಒಂದೇ ಕಡೆ: ಸಂಸ್ಥೆಯ ಗಾಡಿ ರಜೆಯಲ್ಲಿ ಯಾರ ಪಾಲಿಗೂ ಸೇರಿರುವುದಿಲ್ಲ. ವಾಚ್‌ಮನ್ ಚಾಲಕನ ಕೆಲಸ ಎನ್ನುತ್ತಾರೆ, ಚಾಲಕ ಎಲೆಕ್ಟ್ರಿಷಿಯನ್ ಕಡೆ ಕೈ ತೋರಿಸುತ್ತಾರೆ. ಮಾರ್ಚ್ ಕೊನೆಯಲ್ಲೇ ಒಬ್ಬರ ಹೆಸರನ್ನು ಬರೆದು ಹಚ್ಚಿ. ಚಾರ್ಜ್ ಮಾಡುವ ದಿನಾಂಕ ಗೊತ್ತುಮಾಡಿ. ಮೇಲೆ ಹೇಳಿದ ನೋಟ್‌ಬುಕ್ಕನ್ನು ಅವರ ಕೈಗೆ ಕೊಡಿ, ಆ ದಿನಗಳ ಕೂಲಿಯನ್ನೂ ಕೊಡಿ. ಈ ಗಾಡಿಯನ್ನು ನಂಬಿಕೊಂಡವರು ಹೆಚ್ಚಾಗಿ ಮಂಡಿ ನೋವಿನ ಹಿರಿಯರು, ಊರುಗೋಲಿನವರು, ಬಸುರಿಯರು. ಗಾಡಿ ನಿಂತ ದಿನ ಉಳಿದವರು ನಡೆದು ಹೋಗಬಲ್ಲರು, ಇವರಿಗೆ ಆಗದು.