ಬಾಂಬೆ ಸ್ಟ್ರೀಟಿನ ಹಿತ್ತಲು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಬಾಂಬೆ ಸ್ಟ್ರೀಟ್ ಎಂಬ ಬೀದಿಯಿದೆ. ಅಲ್ಲಿನ ಮನೆಗಳ ಹಿತ್ತಲಲ್ಲಿ ನಿಂತು ತಲೆಯೆತ್ತಿದರೆ ಆಕಾಶಕ್ಕೆ ಅಡ್ಡವಾಗಿ ಕಬ್ಬಿಣದ ಜಾಲರಿ. ಅದರ ಹಿಂದೆ ಎತ್ತರದ ಗೋಡೆ. ಈಚೆ ಕ್ಯಾಥೊಲಿಕರು, ಆಚೆ ಪ್ರಾಟೆಸ್ಟೆಂಟರು. ಆಚೆಯಿಂದ ತೂರಿಬರುವ ಕಲ್ಲು, ಬಾಟಲಿಗಳಿಂದ ತಪ್ಪಿಸಿಕೊಳ್ಳಲು ಈ ಜಾಲರಿ. ಆ ಗೋಡೆಗೆ ಜನ ಇಟ್ಟ ಹೆಸರು ಶಾಂತಿಗೋಡೆ.

ಇದನ್ನು ಧರ್ಮದ ಜಗಳ ಎಂದುಬಿಡುವುದುಂಟು. ಬೇರು ಇರುವುದು ನೆಲದಲ್ಲಿ. 1609ರಿಂದ ಇಂಗ್ಲೆಂಡಿನ ಅರಸ ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತ್ಯದ ಕ್ಯಾಥೊಲಿಕರ ಜಮೀನು ಕಿತ್ತು, ಸ್ಕಾಟ್ಲೆಂಡ್, ಇಂಗ್ಲೆಂಡುಗಳಿಂದ ಬಂದ ಪ್ರಾಟೆಸ್ಟೆಂಟರಿಗೆ ಹಂಚಿದ. 1921ರಲ್ಲಿ ಐರ್ಲೆಂಡ್ ದ್ವೀಪ ಎರಡಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು.

ಅಲ್ಲಿಂದಾಚೆಗೆ ಎಲ್ಲವೂ ಮನೆಯ ಸುತ್ತ ಗಿರಕಿ ಹೊಡೆಯಿತು. ಸ್ಥಳೀಯ ಚುನಾವಣೆಯಲ್ಲಿ ಮತ ಇದ್ದದ್ದು ಮನೆ ಹಿಡಿದು ತೆರಿಗೆ ಕಟ್ಟುವ ದಂಪತಿಗೆ. ಅಪ್ಪನ ಮನೆಯಲ್ಲಿರುವ ಬೆಳೆದ ಮಗನಿಗೆ ಇಲ್ಲ. ಮನೆ ಹಂಚುವ ಕೌನ್ಸಿಲ್ ಎಂದರೆ ಮತ ಹಂಚುವ ಕೌನ್ಸಿಲ್ ಎಂದೇ ಲೆಕ್ಕ. ಡೆರ್ರಿ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚು. ಆದರೂ ವಾರ್ಡಿನ ಗೆರೆಗಳನ್ನು ಎಳೆದ ರೀತಿಯಿಂದ ಕೌನ್ಸಿಲಿನಲ್ಲಿ ಬ್ರಿಟನ್ ಪರ ಯೂನಿಯನಿಸ್ಟರು 12, ಎದುರಿನವರು 8. 1968ರಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕರು ಕಾಯುತ್ತಿರುವಾಗಲೇ ಹೊಸ ಮನೆ ಮದುವೆಯಾಗದ 19ರ ಪ್ರಾಟೆಸ್ಟೆಂಟ್ ಹುಡುಗಿಯ ಪಾಲಾಯಿತು. ಶಾಸಕ ಆಸ್ಟಿನ್ ಕರಿ ಆ ಮನೆಯೊಳಗೇ ಹೋಗಿ ಕುಳಿತರು, ಪೊಲೀಸರು ಹೊರದಬ್ಬಿದರು. ಹಕ್ಕು ಕೇಳುವ ಮೆರವಣಿಗೆಗಳು ಶುರುವಾದವು, ಪೊಲೀಸರು ಲಾಠಿಯನ್ನೂ ಬೀಸಿದರು. 1969ರ ಆಗಸ್ಟಿನಲ್ಲಿ ಬಾಂಬೆ ಸ್ಟ್ರೀಟಿನ ಮನೆಗಳು ಹೊತ್ತಿ ಉರಿದವು. ಬ್ರಿಟಿಷ್ ಸೈನ್ಯ ಬಂದು ನಡುವೆ ತಾತ್ಕಾಲಿಕ ಬೇಲಿ ಎಳೆಯಿತು.

1972ರ ಜನವರಿ 30ರಂದು ಡೆರ್ರಿಯಲ್ಲಿ ಅದೇ ಸೈನ್ಯ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದಿತು. ಬ್ರಿಟನ್ನಿನ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸೇರುವ ಹುಡುಗರ ಸಂಖ್ಯೆ ಏರಿತು. ಮೂರು ದಶಕಗಳಲ್ಲಿ ಎಲ್ಲ ಕಡೆಯವರೂ ಸೇರಿ ಸತ್ತವರು 3,500ಕ್ಕೂ ಹೆಚ್ಚು.

ಈ ಕಾದಾಟ ನಿಲ್ಲಿಸಲು ಆದ 1998ರ ಏಪ್ರಿಲ್ 10ರ ಒಪ್ಪಂದವನ್ನು ನಾನು ಗೌರವಿಸುವುದು ಅದು ಯಾರನ್ನೂ ಸೋಲಿಸಲಿಲ್ಲ ಎಂಬ ಕಾರಣಕ್ಕೆ. ಅಲ್ಲಿ ಹುಟ್ಟಿದವರು ತಮ್ಮನ್ನು ಐರಿಶ್ ಎನ್ನಬಹುದು, ಬ್ರಿಟಿಷ್ ಎನ್ನಬಹುದು, ಎರಡೂ ಎನ್ನಬಹುದು. ಉತ್ತರದ ಬಹುಮತ ಬಯಸಿದರೆ ಮಾತ್ರ ದ್ವೀಪ ಒಂದಾಗಬಹುದು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಸಶಸ್ತ್ರ ಗುಂಪುಗಳ ಕೈದಿಗಳು ಎರಡು ವರ್ಷದೊಳಗೆ ಬಿಡುಗಡೆಯಾದರು. ಮಗನನ್ನು ಕೊಂದವನು ಬೀದಿಯಲ್ಲಿ ಎದುರಾಗಬಹುದೆಂದು ತಿಳಿದೂ ಎಷ್ಟೋ ಮನೆಗಳು ಒಪ್ಪಿಗೆಯ ಮತ ಹಾಕಿದವು. ಒಪ್ಪಿದವರು ಶೇ 71. ಅದೇ ಆಗಸ್ಟಿನಲ್ಲಿ ಓಮಾ ಪಟ್ಟಣದ ಬಾಂಬ್ 29 ಜೀವ ತೆಗೆದರೂ ಒಪ್ಪಂದ ಮುರಿಯಲಿಲ್ಲ.

ಇಂಥ ಶಾಂತಿಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುತ್ತೇವೆ ಎಂದು ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಗಡುವು ದಾಟಿತು. ತೆಗೆಯಿರಿ ಎನ್ನಲು ಗೋಡೆಯ ಮಗ್ಗುಲಲ್ಲೇ ಮಲಗುವ ಅನೇಕರಿಗೆ ಇನ್ನೂ ಧೈರ್ಯ ಬಂದಿಲ್ಲ. ಕತ್ತಲಾದ ಮೇಲೆ ನಡುವಿನ ಗೇಟುಗಳಿಗೆ ಬೀಗ ಬೀಳುತ್ತದೆ.