ಚೌಕಟ್ಟಿನ ರಥದಿಂದ ಜೇಡಿಮಣ್ಣಿನ ಕಾರಿನವರೆಗೆ

ಕಾರಿನ ಎಂಜಿನ್, ಗೇರು, ಬ್ರೇಕುಗಳನ್ನು ರೂಪಿಸುವವರು ಎಂಜಿನಿಯರುಗಳಾದರೆ, ಆ ಕಾರು ಕಣ್ಣಿಗೆ ಹೇಗೆ ಕಾಣಬೇಕು, ಒಳಗೆ ಕೂತವರಿಗೆ ಎಷ್ಟು ಜಾಗ ಸಿಗಬೇಕು, ನಿಂತಲ್ಲಿಯೇ ಅದು ಓಡುವಂತೆ ತೋರಬೇಕೋ ಗಟ್ಟಿಯಾಗಿ ನೆಲೆಯೂರಿದಂತೆ ತೋರಬೇಕೋ ಎಂಬುದನ್ನು ನಿರ್ಧರಿಸುವವರು ವಾಹನ ವಿನ್ಯಾಸಕಾರರು. ಗಣಕಯಂತ್ರಗಳು ಎಷ್ಟೇ ಮುಂದುವರಿದಿದ್ದರೂ ಈ ಕಸುಬು ಇಂದಿಗೂ ಕೈಯಿಂದ ಬಿಡಿಸಿದ ರೇಖಾಚಿತ್ರದಿಂದಲೇ ಆರಂಭವಾಗುವುದರಿಂದ, ಬಾಲ್ಯದಲ್ಲಿ ಓದಿದ ಚಿತ್ರಕಥೆಗಳು ಇದಕ್ಕೆ ಪ್ರೇರಣೆಯಾಗುತ್ತವೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಆ ಪ್ರೇರಣೆಯನ್ನು ಕೇವಲ ಕಲ್ಪನಾಶಕ್ತಿಯ ಲೆಕ್ಕಕ್ಕೆ ಸೇರಿಸುವ ವಾಡಿಕೆ ವಿಷಯವನ್ನು ತೇಲಿಸಿಬಿಡುತ್ತದೆ.

ಚಿತ್ರಕಥೆಯ ಕಲಾವಿದನು ಒಂದು ವಸ್ತುವನ್ನು ಒಮ್ಮೆ ಚೆಂದವಾಗಿ ಬರೆದರೆ ಸಾಲದು. ಅದೇ ವಸ್ತುವನ್ನು ಒಂದು ಚೌಕಟ್ಟಿನಲ್ಲಿ ಎದುರಿನಿಂದ, ಮುಂದಿನದರಲ್ಲಿ ಪಕ್ಕದಿಂದ, ಅದರಾಚೆಯದರಲ್ಲಿ ಮೇಲಿನಿಂದ ತೋರಿಸುತ್ತ, ಓದುಗರಿಗೆ ಅದು ಬೇರೆಯದೆಂಬ ಅನುಮಾನ ಬಾರದಂತೆ ನೋಡಿಕೊಳ್ಳಬೇಕು. ಅಮರ ಚಿತ್ರಕಥೆಯ 42 ಕಂತುಗಳ ಮಹಾಭಾರತಕ್ಕೆ ಚಿತ್ರ ಬರೆದವರಲ್ಲಿ ಪ್ರಮುಖರಾದ ದಿಲೀಪ್ ಕದಂ ಅವರಂಥವರಿಗೆ ರಥವು ಈ ಬಗೆಯ ದೊಡ್ಡ ಪರೀಕ್ಷೆ. ಪಕ್ಕದಿಂದ ನೋಡಿದಾಗ ಪೂರ್ಣ ವೃತ್ತವಾಗಿರುವ ಗಾಲಿ, ರಥ ಓದುಗರತ್ತ ತಿರುಗಿದೊಡನೆ ಮೊಟ್ಟೆಯಾಕಾರಕ್ಕೆ ಇಳಿಯುತ್ತದೆ. ಅಚ್ಚು ಯಾವ ಕಡೆಗೆ ಓರೆಯಾಗಿದೆಯೋ ಅದಕ್ಕೆ ಅಡ್ಡಲಾಗಿಯೇ ಆ ಮೊಟ್ಟೆಯ ಉದ್ದನೆಯ ನಡುಗೆರೆ ನಿಲ್ಲಬೇಕು, ಇಲ್ಲವಾದರೆ ಗಾಲಿ ಕಳಚಿಬೀಳುವಂತೆ ತೋರುತ್ತದೆ. ವಿನ್ಯಾಸ ಶಾಲೆಗಳಲ್ಲಿ ಕಾರಿನ ಚಿತ್ರ ಕಲಿಯುವವರು ತಿಂಗಳುಗಟ್ಟಲೆ ತಿದ್ದುವುದೂ ಇದನ್ನೇ.

ಅಮರ ಚಿತ್ರಕಥೆ ಎಂಬ ಈ ಪುಸ್ತಕಮಾಲೆಗೂ ಕನ್ನಡಕ್ಕೂ ಇರುವ ನಂಟನ್ನು ಕನ್ನಡಿಗರೇ ಅಷ್ಟಾಗಿ ನೆನೆಯುವುದಿಲ್ಲ. ಅದರ ರೂವಾರಿ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ರಾಸಾಯನಿಕ ತಂತ್ರಜ್ಞಾನ ಓದಿದವರು. ಪೈ ಅವರ ಪುಸ್ತಕಗಳು ಬರುವುದಕ್ಕೂ ಮುಂಚೆ 1965ರಲ್ಲಿ, ಪ್ರಕಾಶನ ಸಂಸ್ಥೆ ಐಬಿಎಚ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ, ಪಾಶ್ಚಾತ್ಯ ಕಥೆಗಳ ಮೊದಲ ಹತ್ತು ಪುಸ್ತಕಗಳು ಇದೇ ಹೆಸರಿನಲ್ಲಿ ಕನ್ನಡದಲ್ಲಿ ಬಂದಿದ್ದವು. ಪೈ ಅವರ ‘ಕೃಷ್ಣ’ಕ್ಕೆ 11ನೆಯ ಸಂಖ್ಯೆ ಬಿದ್ದದ್ದು ಆ ಕಾರಣಕ್ಕೆ.

ಚಿತ್ರಕಥೆಯ ಕ್ರಮವು ಕಾಗದಕ್ಕಷ್ಟೇ ಮೀಸಲಲ್ಲ ಎಂಬುದಕ್ಕೆ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿಯೇ ಸಾಕ್ಷಿಯಿದೆ. ಅಲ್ಲಿನ ಶೌರ್ಯಭೂಮಿಯಲ್ಲಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಬದುಕು ಆಳೆತ್ತರದ ಶಿಲ್ಪಗಳ ಸನ್ನಿವೇಶಗಳಾಗಿ ಸಾಲುಗೊಂಡಿದ್ದು, ನೋಡುವವರು ಪುಟ ತಿರುವುವ ಬದಲು ಹೆಜ್ಜೆ ಹಾಕುತ್ತಾರೆ; ಒಬ್ಬನೇ ವೀರನನ್ನು ಬೇರೆಬೇರೆ ಭಂಗಿಯಲ್ಲಿ ಗುರುತು ಸಿಗುವಂತೆ ನಿಲ್ಲಿಸುವ ಸವಾಲು ಅಲ್ಲಿಯೂ ತಪ್ಪಿದ್ದಲ್ಲ. ಶಿಲ್ಪದ ಈ ಹೋಲಿಕೆ ವಾಹನ ವಿನ್ಯಾಸಕ್ಕೆ ದೂರದ್ದೇನೂ ಅಲ್ಲ. ರೇಖಾಚಿತ್ರ ಒಪ್ಪಿಗೆಯಾದ ಮೇಲೆ ಕಾರಿನ ಪಾರ್ಶ್ವರೂಪವನ್ನು ಕಪ್ಪು ಪಟ್ಟಿಯಿಂದ ಗೋಡೆಯ ಮೇಲೆ ನಿಜಗಾತ್ರದಲ್ಲಿ ಅಂಟಿಸಿ ನೋಡುವ ಪದ್ಧತಿಯಿದೆ. ಬಳಿಕ ಮೇಣ ಬೆರೆತ ವಿಶೇಷ ಜೇಡಿಮಣ್ಣನ್ನು ಬಿಸಿಮಾಡಿ, ಚೌಕಟ್ಟಿನ ಮೇಲೆ ಮೆತ್ತಿ, ಆರಿದ ಮೇಲೆ ಕೆರೆದು ಕೆರೆದು ಇಡೀ ಕಾರನ್ನು ಕಡೆಯುತ್ತಾರೆ. ರೇಖಾಚಿತ್ರದಲ್ಲಿ ಗಾಲಿಗಳನ್ನು ದೊಡ್ಡದು ಮಾಡಿ, ಮಾಡನ್ನು ತಗ್ಗಿಸಿ ಮಾಡಿದ ಮೋಸವೆಲ್ಲ ಇಲ್ಲಿ ಬಯಲಾಗುತ್ತದೆ.

ಚಿತ್ರಕಥೆಗಾರರು ಇಂಥ ಮೋಸಕ್ಕೆ ಸಿಗದಂತೆ ಕಾರುಗಳನ್ನು ಬರೆದದ್ದೂ ಉಂಟು. ಬೆಲ್ಜಿಯಂನ ಫ್ರಾಂಕಿನ್ 1950ರ ದಶಕದಲ್ಲಿ ‘ಸ್ಪಿರೂ’ ಕಥೆಗಳಿಗಾಗಿ ಟರ್ಬೋಟ್ರಾಕ್ಷನ್ ಎಂಬ, ಎಲ್ಲೂ ಇಲ್ಲದ ಕಾರನ್ನು ಕಟ್ಟಿದರೆ, ಫ್ರಾನ್ಸಿನ ಜಾನ್ ಗ್ರಾತೋ 1957ರಿಂದ ‘ಮಿಶೆಲ್ ವಯಾ’ ಎಂಬ ರೇಸು ಚಾಲಕನಿಗಾಗಿ ಇಡೀ ಕಾರು ಕಂಪನಿಯನ್ನೇ ಹುಟ್ಟುಹಾಕಿದರು. ‘ಡ್ರ್ಯಾಗನ್ ಬಾಲ್’ ಖ್ಯಾತಿಯ ಜಪಾನಿನ ಅಕಿರಾ ತೊರಿಯಾಮಾ ಅವರಂತೂ 2005ರಲ್ಲಿ ಒಬ್ಬರೇ ಕೂರಬಹುದಾದ ಕ್ಯೂವೋಲ್ಟ್ ಎಂಬ ವಿದ್ಯುತ್ ಕಾರಿಗೆ ರೂಪ ಕೊಟ್ಟು, ಕಾಗದದ ಗೆರೆಯನ್ನು ರಸ್ತೆಗೆ ಇಳಿಸಿದರು.

ಪುಟ್ಟ ವಿದ್ಯುತ್ ಕಾರೆಂದರೆ ಕರ್ನಾಟಕದವರಿಗೆ ಮೊದಲು ನೆನಪಾಗುವುದು, ಚೇತನ್ ಮೈನಿ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ. ಸುಮಾರು 2.6 ಮೀಟರ್ ಉದ್ದಕ್ಕೆ 1.5 ಮೀಟರ್ ಎತ್ತರವಿದ್ದ ಆ ಕಾರಿನಲ್ಲಿ ವಿನ್ಯಾಸದ ಕಷ್ಟ ಅಳತೆಯಲ್ಲಿಯೇ ಅಡಗಿತ್ತು; ಎರಡು ಗಾಲಿಗಳ ನಡುವೆ ಇನ್ನೂ ಮೂರು ಗಾಲಿ ಹಿಡಿಸುವಷ್ಟು ತೆರಪು ಇದ್ದರೆ ಕಾರು ಗಂಭೀರವಾಗಿ ಕಾಣುತ್ತದೆಂಬ ರೂಢಿಯ ಲೆಕ್ಕ ಅಷ್ಟು ಗಿಡ್ಡನೆಯ ಗಾಡಿಗೆ ಸುಲಭವಾಗಿ ಒಗ್ಗುವಂಥದಲ್ಲ. ಅದು ಚೆಲುವಾಗಿರಲಿಲ್ಲ, ಆದರೆ ಉದ್ದೇಶಕ್ಕೆ ತಪ್ಪದೆ ನಿಂತಿತು ಎಂದರೆ ತಪ್ಪಾಗಲಾರದು.

ಬೆಳಗಾವಿ ಸೀಮೆಯ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಮಕ್ಕಳಿಗೆ ಈ ಕಸುಬು ಕೈಗೆಟಕದ್ದೆಂದು ತೋರಬಹುದಾದರೂ, ವಾಹನ ತಯಾರಿಕೆ ದೂರದ್ದಲ್ಲ. ಧಾರವಾಡದಲ್ಲಿ ಟಾಟಾ ಬಸ್ಸುಗಳು ಸಿದ್ಧಗೊಳ್ಳುತ್ತವೆ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನೇ ಓದಿದವರೂ ಬರೆಯಬಹುದಾದ ಯುಸೀಡ್ ಎಂಬ ಪ್ರವೇಶ ಪರೀಕ್ಷೆಯು ಐಐಟಿಗಳ ವಿನ್ಯಾಸ ಪದವಿಗೆ ದಾರಿಯಾಗಿದ್ದು, ಅದರಲ್ಲಿ ಕೈಯಿಂದ ಚಿತ್ರ ಬಿಡಿಸಬೇಕಾದ ಭಾಗವೂ ಇದೆ. ಪದವಿಯ ನಂತರ ಓದಬಯಸುವವರಿಗೆ ಗಾಂಧಿನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಾಹನ ವಿನ್ಯಾಸದ್ದೇ ಪ್ರತ್ಯೇಕ ವಿಭಾಗವಿದೆ. ಮಕ್ಕಳ ಪತ್ರಿಕೆ ಬಾಲಮಂಗಳದ ಚಿತ್ರಕಥಾ ನಾಯಕ ಡಿಂಗನನ್ನು ನೋಡಿ ನೋಡಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ತಿದ್ದಿದ ಮಕ್ಕಳು ಅಂಥ ಪರೀಕ್ಷೆಗೆ ತಯಾರಾಗುವಾಗ, ಊರ ಚಕ್ಕಡಿಯೊಂದನ್ನೇ ಮುಂದಿಟ್ಟುಕೊಂಡು, ನೊಗದ ಕಡೆಯಿಂದ, ಹಿಂದಿನಿಂದ, ಗಾಲಿಯ ಮಟ್ಟಕ್ಕೆ ಕೂತು ಹತ್ತು ಬಗೆಯಲ್ಲಿ ಬರೆದು ನೋಡುವುದು, ದುಬಾರಿ ಕಾರುಗಳ ಹೊಳೆಯುವ ಫೋಟೊಗಳನ್ನು ನಕಲು ಮಾಡುವುದಕ್ಕಿಂತ ಹೆಚ್ಚು ಫಲ ಕೊಟ್ಟೀತು.